ವಿಂಡೋಸ್ 10 ಬಿಡುವ ಮುನ್ನ: ಮನೆಯ ಕಂಪ್ಯೂಟರನ್ನು ಅಪ್‌ಗ್ರೇಡ್‌ಗೆ ಸಿದ್ಧ ಮಾಡೋದು ಹೇಗೆ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲವನ್ನು ನಿಲ್ಲಿಸಿತು. 2015ರ ಜುಲೈ 29ರಂದು ಬಿಡುಗಡೆಯಾದ ಈ ಆಪರೇಟಿಂಗ್ ಸಿಸ್ಟಮ್ ಹತ್ತು ವರ್ಷ ನಮ್ಮ ಮನೆ, ಅಂಗಡಿ, ಶಾಲೆ, ಸೈಬರ್ ಸೆಂಟರ್‌ಗಳನ್ನೆಲ್ಲ ನಡೆಸಿದೆ. ಅಕ್ಟೋಬರ್ 15ರ ಬೆಳಿಗ್ಗೆ ಯಾರ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಅದಕ್ಕೇ ಬಹಳ ಮಂದಿ ಈ ವಿಷಯವನ್ನು ಪಕ್ಕಕ್ಕೆ ಸರಿಸಿ ಸುಮ್ಮನಾಗಿದ್ದಾರೆ. ಓಡ್ತಾ ಇದೆಯಲ್ಲ, ಮತ್ತೇನು?

ಆ ದಿನದಿಂದ ಇವತ್ತಿನವರೆಗೂ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪದೇ ಇರುತ್ತದೆ. "ನೀನು ಇಂಜಿನಿಯರಿಂಗ್ ಓದಿದವನಲ್ವಾ, ಈ ವಿಂಡೋಸ್ 11 ಹಾಕಿಸಬೇಕಾ ಬೇಡ್ವಾ?" ಪತ್ರಿಕೋದ್ಯಮಕ್ಕೆ ಬಂದು ವರ್ಷಗಳಾದರೂ ನೆಂಟರ ಪಾಲಿಗೆ ನಾನು ಇನ್ನೂ ಕಂಪ್ಯೂಟರ್ ರಿಪೇರಿಯವನೇ. ಈ ಪ್ರಶ್ನೆಗೆ ಹೌದು, ಇಲ್ಲ ಎಂಬ ಒಂದು ಪದದ ಉತ್ತರವಿಲ್ಲ. ಅದು ನಿಮ್ಮ ಯಂತ್ರ ಯಾವುದು, ಅದರೊಳಗೆ ಏನಿದೆ ಅನ್ನೋದರ ಮೇಲೆ ನಿಂತಿದೆ. ಅಪ್‌ಗ್ರೇಡ್ ಬಟನ್ ಒತ್ತುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಒಂದು ವಾರಾಂತ್ಯ ತೆಗೆದಿಟ್ಟು ಮಾಡಬೇಕಾದ ಕೆಲಸಗಳೇ ಮುಖ್ಯ.

ನನ್ನ ಮುಂದೆ ಇದ್ದ ಎರಡು ಯಂತ್ರಗಳನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಒಂದು, 2018ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ನಮ್ಮ ಮನೆಯ ಡೆಸ್ಕ್‌ಟಾಪ್. ಅದರಲ್ಲಿರೋದು ಇಂಟೆಲ್ ಕೋರ್ ಐ5-8400. ಇನ್ನೊಂದು, ತಿಪಟೂರಿನಲ್ಲಿರುವ ದೊಡ್ಡಪ್ಪನ ಡೆಸ್ಕ್‌ಟಾಪ್. ಅದು 2016ರದ್ದು, ಕೋರ್ ಐ3-6100. ದೊಡ್ಡಪ್ಪನ ಯಂತ್ರದಲ್ಲಿ ತೆಂಗಿನ ತೋಟದ ಲೆಕ್ಕ, ಜಮೀನಿನ ಕಾಗದಪತ್ರಗಳ ಸ್ಕ್ಯಾನ್, ತಾಲ್ಲೂಕು ಕಚೇರಿಗೆ ಬರೆದ ಅರ್ಜಿಗಳು, ಮೊಮ್ಮಕ್ಕಳ ಫೋಟೋ ಎಲ್ಲವೂ ಇವೆ. ಯಂತ್ರದ ಬೆಲೆ ಇವತ್ತು ಕೆಲವು ಸಾವಿರ ರೂಪಾಯಿ ಇರಬಹುದು. ಒಳಗಿರುವುದಕ್ಕೆ ಬೆಲೆ ಕಟ್ಟಲಾಗದು.

ಬೆಂಬಲ ನಿಂತರೆ ನಿಜಕ್ಕೂ ಆಗೋದೇನು?

ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ತನ್ನ ತಂತ್ರಾಂಶದಲ್ಲಿ ಪತ್ತೆಯಾದ ಭದ್ರತಾ ದೋಷಗಳಿಗೆ ತೇಪೆ ಬಿಡುಗಡೆ ಮಾಡುತ್ತದೆ. ವಿಂಡೋಸ್ 10ಕ್ಕೆ ಈಗ ಆ ತೇಪೆಗಳು ತಾವಾಗಿಯೇ ಬರುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ವಿಂಡೋಸ್ 10 ಮತ್ತು 11 ಒಳಗಿನಿಂದ ಬಹುಮಟ್ಟಿಗೆ ಒಂದೇ ಮನೆತನದವು, ಅವುಗಳ ಕೋಡ್ ದೊಡ್ಡ ಪ್ರಮಾಣದಲ್ಲಿ ಹಂಚಿಕೆಯಾಗಿದೆ. 11ಕ್ಕೆ ಒಂದು ತೇಪೆ ಬಂದಾಗ, ಅದು ಯಾವ ತೂತನ್ನು ಮುಚ್ಚಿತು ಎಂದು ಹೋಲಿಸಿ ನೋಡಿದರೆ, 10ರಲ್ಲಿ ಅದೇ ತೂತು ತೆರೆದೇ ಇದೆಯಾ ಅನ್ನೋದು ದಾಳಿಕೋರರಿಗೆ ಗೊತ್ತಾಗುತ್ತದೆ. ಅಂದರೆ ಹೊಸದಕ್ಕೆ ಬರುವ ಔಷಧಿಯೇ ಹಳೆಯದರ ಕಾಯಿಲೆಯನ್ನು ಊರಿಗೆಲ್ಲ ಸಾರುತ್ತದೆ.

2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವನ್ನಾಕ್ರೈ ದಾಳಿಯನ್ನು ನೆನಪಿಸಿಕೊಳ್ಳಿ. ಆ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು. ತೇಪೆ ಹಾಕಿಕೊಳ್ಳದ ಯಂತ್ರಗಳು ಸಾಲುಸಾಲಾಗಿ ಬಿದ್ದವು. ಫೈಲುಗಳಿಗೆಲ್ಲ ಬೀಗ ಬಿದ್ದು, ಬಿಡಿಸಲು ಹಣ ಕೊಡಿ ಎಂಬ ಸಂದೇಶ ತೆರೆಯ ಮೇಲೆ ಕಾಣಿಸಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ತೇಪೆ ಬಂದೂ ಹಾಕಿಕೊಳ್ಳದವರ ಗತಿ ಅದು. ತೇಪೆಯೇ ಬಾರದವರ ಗತಿ ಏನು ಅನ್ನೋದು ಊಹೆಗೆ ಬಿಟ್ಟದ್ದು.

ಹಾಗಂತ ಗಾಬರಿಯೂ ಬೇಡ. ಇಂಟರ್‌ನೆಟ್ಟೇ ಇಲ್ಲದ, ಪೆನ್‌ಡ್ರೈವ್ ಹಾಕದ, ಬರೀ ಲೆಕ್ಕ ಬರೆಯುವ ಕಂಪ್ಯೂಟರಿಗೆ ಅಪಾಯ ಕಡಿಮೆ. ನೆಟ್ ಬ್ಯಾಂಕಿಂಗ್, ಇಮೇಲ್, ಆದಾಯ ತೆರಿಗೆ ರಿಟರ್ನ್ಸ್, ಆಧಾರ್ ಡೌನ್‌ಲೋಡ್ ಎಲ್ಲ ಮಾಡುವ ಯಂತ್ರಕ್ಕೆ ಅಪಾಯ ತಿಂಗಳು ತಿಂಗಳಿಗೂ ಏರುತ್ತಾ ಹೋಗುತ್ತದೆ. ಕ್ರಮೇಣ ಬ್ರೌಸರ್‌ಗಳೂ ಕೈಬಿಡುತ್ತವೆ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ನಿಂತಿತು, ಗೂಗಲ್ ಕ್ರೋಮ್ ಅದಕ್ಕೆ ಹೊಸ ಆವೃತ್ತಿ ಕೊಡುವುದನ್ನು 2023ರಲ್ಲಿ ನಿಲ್ಲಿಸಿತು.

ಮೊದಲ ಪ್ರಶ್ನೆ: ನಿಮ್ಮ ಯಂತ್ರ ಅರ್ಹವೇ?

ವಿಂಡೋಸ್ 11 ಕೇಳುವ ಕನಿಷ್ಠ ಅರ್ಹತೆಯಲ್ಲಿ 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಇವೆಲ್ಲ ದೊಡ್ಡ ಮಾತಲ್ಲ. ತಕರಾರು ಬರೋದು ಮೂರು ಕಡೆ: ಪ್ರೊಸೆಸರ್, ಟಿಪಿಎಂ 2.0 ಮತ್ತು ಯುಇಎಫ್‌ಐ.

ಪ್ರೊಸೆಸರ್ ವಿಚಾರದಲ್ಲಿ ಸ್ಥೂಲವಾಗಿ ನೆನಪಿಟ್ಟುಕೊಳ್ಳಬೇಕಾದ್ದು ಇಷ್ಟು. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದು, ಎಎಂಡಿ ಆದರೆ ಹೆಚ್ಚುಕಡಿಮೆ ರೈಜೆನ್ 2000 ಸರಣಿ ಅಥವಾ ನಂತರದ್ದು. ಇಂಟೆಲ್ ಹೆಸರಿನಲ್ಲಿ ಅಡ್ಡಗೆರೆಯ ನಂತರ ಬರುವ ಸಂಖ್ಯೆ ನೋಡಿ. 8400 ಅಂದರೆ ಎಂಟನೇ ತಲೆಮಾರು. 6100 ಅಂದರೆ ಆರನೆಯದು. 10400 ಅಂದರೆ ಹತ್ತನೆಯದು. ಅಲ್ಲಿಗೆ ದೊಡ್ಡಪ್ಪನ ಯಂತ್ರ ಪಟ್ಟಿಯಿಂದ ಹೊರಗೆ, ನಮ್ಮನೆಯದು ಒಳಗೆ.

ಟಿಪಿಎಂ ಅಂದರೆ ಕೀಲಿಗಳನ್ನು ಭದ್ರವಾಗಿಡುವ ಒಂದು ಪುಟ್ಟ ತಿಜೋರಿ. ಪಾಸ್‌ವರ್ಡ್, ಡಿಸ್ಕಿಗೆ ಹಾಕಿದ ಬೀಗದ ಕೀಲಿ ಇವೆಲ್ಲ ವಿಂಡೋಸ್‌ನ ಕೈಗೂ ನೇರವಾಗಿ ಸಿಗದ ಹಾಗೆ ಅದು ಕಾಯುತ್ತದೆ. ಯುಇಎಫ್‌ಐ ಅನ್ನೋದು ಹಳೆಯ ಬಯೋಸ್‌ನ ಜಾಗಕ್ಕೆ ಬಂದ ವ್ಯವಸ್ಥೆ. ಅದರ ಜತೆ ಬರುವ ಸೆಕ್ಯೂರ್ ಬೂಟ್, ಯಂತ್ರ ಶುರುವಾಗುವಾಗಲೇ ಅಪರಿಚಿತ ತಂತ್ರಾಂಶ ನುಸುಳದಂತೆ ಬಾಗಿಲಲ್ಲಿ ನಿಂತು ಗುರುತು ಕೇಳುತ್ತದೆ.

ಇವನ್ನೆಲ್ಲ ಒಂದೇ ಏಟಿಗೆ ಪರೀಕ್ಷಿಸಲು ಮೈಕ್ರೋಸಾಫ್ಟ್‌ನದ್ದೇ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಇದೆ. ಅದು ಅರ್ಹವಲ್ಲ ಅಂದ ಕೂಡಲೇ ಹೊಸ ಕಂಪ್ಯೂಟರ್ ಅಂಗಡಿಗೆ ಓಡಬೇಡಿ. ಯಾವ ಕಾರಣಕ್ಕೆ ಅರ್ಹವಲ್ಲ ಅನ್ನೋದನ್ನು ಓದಿ. ಪ್ರೊಸೆಸರ್ ಹಳೆಯದು ಅಂದರೆ ದಾರಿ ಮುಚ್ಚಿತು. ಟಿಪಿಎಂ ಇಲ್ಲ, ಸೆಕ್ಯೂರ್ ಬೂಟ್ ಇಲ್ಲ ಅಂದರೆ ಬಹಳ ಸಲ ಅವು ಇವೆ, ಯಾರೂ ಚಾಲೂ ಮಾಡಿಲ್ಲ ಅಂತ ಅರ್ಥ. ನಮ್ಮ ಮನೆಯದೂ ಹಾಗೇ ಇತ್ತು.

ಬಯೋಸ್ ಒಳಗೆ ಕೈ ಹಾಕುವಾಗ

ಯಂತ್ರ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಿದ್ದರೆ ಬಯೋಸ್ ಪುಟ ತೆರೆಯುತ್ತದೆ. ಕಂಪನಿಯಿಂದ ಕಂಪನಿಗೆ ಕೀ ಬೇರೆ ಇರಬಹುದು. ಅಲ್ಲಿ ಟಿಪಿಎಂ ಅನ್ನೋ ಹೆಸರೇ ಇರಬೇಕೆಂದಿಲ್ಲ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಅಂತಲೂ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಅಂತಲೂ ಇರುತ್ತದೆ. ಅದನ್ನು ಎನೇಬಲ್ ಮಾಡಿದರೆ ಆ ಸಮಸ್ಯೆ ಅಲ್ಲಿಗೆ ಮುಗಿಯಿತು.

ಆದರೆ ಇದಕ್ಕೆ ಕೈ ಹಾಕುವ ಮೊದಲು ಒಂದು ಎಚ್ಚರಿಕೆ. ನಿಮ್ಮ ಡಿಸ್ಕಿಗೆ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಬೀಗ ಬಿದ್ದಿದೆಯಾ ನೋಡಿಕೊಳ್ಳಿ. ಬಯೋಸ್ ಸೆಟ್ಟಿಂಗ್ ಬದಲಾದರೆ ಅದು ಕಳ್ಳ ಬಂದನೆಂದು ತಿಳಿದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ಬೇರೆ ಫೋನಿನಲ್ಲಿ ಖಾತೆ ತೆರೆದು, ಅದು ಇದೆಯಾ ಅಂತ ಖಾತ್ರಿ ಮಾಡಿಕೊಂಡು, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹೌದು, ಕಾಗದದ ಮೇಲೆ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವರೇ ಯಾವುದೋ ಇಮೇಲ್ ಹಾಕಿ ಖಾತೆ ತೆರೆದುಕೊಟ್ಟಿದ್ದರೆ, ಆ ಇಮೇಲ್ ಯಾವುದು, ಪಾಸ್‌ವರ್ಡ್ ಏನು ಅನ್ನೋದನ್ನು ಈಗಲೇ ಹುಡುಕಿ. ಕೀ ಕಳೆದುಹೋದರೆ ಫೈಲುಗಳನ್ನು ಮೈಕ್ರೋಸಾಫ್ಟ್ ಕೂಡ ತೆಗೆದುಕೊಡಲಾರದು.

ಎರಡನೇ ತೊಡಕು ಡಿಸ್ಕಿನದು, ಇದು ನಮ್ಮ ಕಡೆಯ ಕಂಪ್ಯೂಟರ್‌ಗಳಲ್ಲಿ ಹೆಚ್ಚು. ಜೋಡಿಸಿಕೊಟ್ಟ ಯಂತ್ರಗಳಲ್ಲಿ ಅಂಗಡಿಯವರು ಅಭ್ಯಾಸಬಲದಿಂದ ಹಳೆಯ ಲೆಗಸಿ ವಿಧಾನದಲ್ಲೇ ವಿಂಡೋಸ್ ಹಾಕಿರುತ್ತಾರೆ. ಸ್ಟಾರ್ಟ್ ಒತ್ತಿ ಸಿಸ್ಟಮ್ ಇನ್ಫರ್ಮೇಶನ್ ಅಂತ ಹುಡುಕಿದರೆ ಬಯೋಸ್ ಮೋಡ್ ಅನ್ನೋ ಸಾಲಿನಲ್ಲಿ ಯುಇಎಫ್‌ಐ ಎಂದಿದೆಯೋ ಲೆಗಸಿ ಎಂದಿದೆಯೋ ಗೊತ್ತಾಗುತ್ತದೆ. ಲೆಗಸಿ ಎಂದಿದ್ದರೆ ಡಿಸ್ಕಿನ ವಿಂಗಡಣೆಯನ್ನು ಎಂಬಿಆರ್ ಪದ್ಧತಿಯಿಂದ ಜಿಪಿಟಿ ಪದ್ಧತಿಗೆ ಬದಲಿಸಬೇಕು. ಇದಕ್ಕೆ ವಿಂಡೋಸ್ 10ರ ಒಳಗೇ ಎಂಬಿಆರ್2ಜಿಪಿಟಿ ಎಂಬ ಸಾಧನ ಇದೆ. ಫೈಲುಗಳನ್ನು ಅಳಿಸದೆ ಪರಿವರ್ತಿಸುತ್ತದೆ. ಪರಿವರ್ತನೆ ಆದ ಮೇಲೆ ಬಯೋಸ್‌ನಲ್ಲೂ ಯುಇಎಫ್‌ಐಗೆ ಬದಲಿಸಬೇಕು, ಇಲ್ಲದಿದ್ದರೆ ಯಂತ್ರ ಏಳುವುದಿಲ್ಲ.

ಸಿಕ್ಕು ಎಲ್ಲಿದೆ ಅಂದರೆ, ಲಾಜಿಕಲ್ ಪಾರ್ಟಿಶನ್ ಇರುವ ಡಿಸ್ಕನ್ನು ಈ ಸಾಧನ ಒಪ್ಪುವುದಿಲ್ಲ. ನಮ್ಮಲ್ಲಿ ಒಂದೇ ಹಾರ್ಡ್ ಡಿಸ್ಕನ್ನು ಸಿ, ಡಿ, ಇ, ಎಫ್ ಅಂತ ತುಂಡು ಮಾಡಿ ಕೊಡೋದು ವಾಡಿಕೆ. ಅವುಗಳಲ್ಲಿ ಡಿ, ಇ, ಎಫ್ ಬಹಳ ಸಲ ಲಾಜಿಕಲ್ ಆಗಿರುತ್ತವೆ. ಹಾಗಿದ್ದರೆ ಮೊದಲು ಅಲ್ಲಿರೋದನ್ನೆಲ್ಲ ಹೊರಗಿನ ಡಿಸ್ಕಿಗೆ ಸಾಗಿಸಿ, ಆ ಪಾರ್ಟಿಶನ್‌ಗಳನ್ನು ತೆಗೆದ ಮೇಲೆಯೇ ಮುಂದಿನ ಮಾತು. ಆಜ್ಞೆ ಕೊಡುವ ಮೊದಲು ವ್ಯಾಲಿಡೇಟ್ ಎಂಬ ಆಯ್ಕೆ ಕೊಟ್ಟು ಓಡಿಸಿದರೆ, ಏನನ್ನೂ ಬದಲಿಸದೆ ಬರೀ ಸಾಧ್ಯವೋ ಇಲ್ಲವೋ ಅಂತ ಹೇಳುತ್ತದೆ. ಈ ಹಂತ ನಿಮಗೆ ಅಪರಿಚಿತ ಅನ್ನಿಸಿದರೆ ಗೊತ್ತಿದ್ದವರನ್ನು ಪಕ್ಕ ಕೂರಿಸಿಕೊಳ್ಳಿ, ನಾಚಿಕೆ ಬೇಡ.

ಡಿ ಡ್ರೈವ್ ಬ್ಯಾಕಪ್ ಅಲ್ಲ

ನಮ್ಮ ಸೀಮೆಯಲ್ಲಿ ಒಂದು ನಂಬಿಕೆ ಬೇರೂರಿದೆ. "ಫಾರ್ಮ್ಯಾಟ್ ಹೊಡೆದರೆ ಸಿ ಡ್ರೈವ್ ಮಾತ್ರ ಹೋಗುತ್ತೆ, ಡಿಯಲ್ಲಿ ಇಟ್ಟಿದ್ದೀನಿ, ಭದ್ರವಾಗಿದೆ." ಡಿ ಡ್ರೈವ್ ಅನ್ನೋದು ಅದೇ ಡಿಸ್ಕಿನ ಇನ್ನೊಂದು ಕೋಣೆ ಅಷ್ಟೇ. ಮನೆಗೆ ಬೆಂಕಿ ಬಿದ್ದರೆ ಪಕ್ಕದ ಕೋಣೆಯ ಪೆಟ್ಟಿಗೆ ಉಳಿಯುತ್ತದೆಯೇ? ಡಿಸ್ಕ್ ಕೆಟ್ಟರೆ, ಫಾರ್ಮ್ಯಾಟ್ ಮಾಡುವವರು ತಪ್ಪು ಪಾರ್ಟಿಶನ್ ಆರಿಸಿದರೆ, ರ್‍ಯಾನ್ಸಮ್‌ವೇರ್ ಬಂದರೆ, ಎಲ್ಲವೂ ಒಟ್ಟಿಗೇ ಹೋಗುತ್ತವೆ.

ಬ್ಯಾಕಪ್ ಅಂದರೆ ಬೇರೆ ಯಂತ್ರದಲ್ಲಿ, ಬೇರೆ ಡಿಸ್ಕಿನಲ್ಲಿ ಇರುವ ಪ್ರತಿ. ತಂತ್ರಜ್ಞರು ಪಾಲಿಸುವ ಸೂತ್ರ 3-2-1. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ಹೊರಗೆ. ಮನೆಬಳಕೆಗೆ ಇದನ್ನು ಸರಳ ಮಾಡಿದರೆ ಹೀಗೆ: ಮೂಲ ಕಂಪ್ಯೂಟರಿನಲ್ಲಿ, ಒಂದು ಪ್ರತಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ, ತೀರಾ ಮುಖ್ಯವಾದವು ಕ್ಲೌಡ್‌ನಲ್ಲಿ ಅಥವಾ ತಂಗಿಯ ಮನೆಯ ಕಂಪ್ಯೂಟರಿನಲ್ಲಿ.

ಕ್ಲೌಡ್ ವಿಷಯದಲ್ಲಿ ಎರಡು ಮಾತು. ಒನ್‌ಡ್ರೈವ್‌ನಲ್ಲಿ ಉಚಿತವಾಗಿ ಸಿಗೋದು 5 ಜಿಬಿ, ಗೂಗಲ್ ಖಾತೆಯಲ್ಲಿ 15 ಜಿಬಿ. ಮದುವೆ ವಿಡಿಯೋ ಒಂದಕ್ಕೇ ಅದು ಸಾಲದು. ಎರಡನೆಯದು, ಸಿಂಕ್ ಆಗುವ ಫೋಲ್ಡರ್ ಪೂರ್ತಿ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಸ್ವಲ್ಪ ದಿನ ರೀಸೈಕಲ್ ಬಿನ್‌ನಲ್ಲಿ ಇರುತ್ತದೆ ಅನ್ನೋದಷ್ಟೇ ಸಮಾಧಾನ.

ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಈ ಮೂರನ್ನು ಕಾಪಿ ಮಾಡಿ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಬಿಟ್ಟುಹೋಗುವುದು ಇವು: ಡೌನ್‌ಲೋಡ್ಸ್ ಫೋಲ್ಡರ್, ಟ್ಯಾಲಿಯ ಡೇಟಾ ಫೋಲ್ಡರ್, ಔಟ್‌ಲುಕ್ ಬಳಸುವವರ ಪಿಎಸ್‌ಟಿ ಫೈಲ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಮತ್ತು ಬುಕ್‌ಮಾರ್ಕ್, ವೈಫೈ ಪಾಸ್‌ವರ್ಡ್, ಕೊಂಡ ತಂತ್ರಾಂಶಗಳ ಲೈಸೆನ್ಸ್ ಕೀ, ಮತ್ತು ಯಾವ ಫೋಲ್ಡರಿಗೂ ಸೇರದೆ ಸಿ ಡ್ರೈವಿನ ನೆತ್ತಿಯ ಮೇಲೆ ಕೂತಿರುವ "ನ್ಯೂ ಫೋಲ್ಡರ್ 2". ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಅದರ ಡ್ರೈವರ್ ವಿಂಡೋಸ್ 11ಕ್ಕೆ ಸಿಗುತ್ತದೆಯೇ ಅಂತ ಮೊದಲೇ ವಿಚಾರಿಸಿಕೊಳ್ಳಿ. ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳಿಗೂ ಇದೇ ಮಾತು.

ಕಾಪಿ ಆಯಿತು ಅಂದಮೇಲೆ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ಹತ್ತಾರು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ, ಬರೀ ನಂಬಿಕೆ. ನೋಡಿದ ಮೇಲೆ ಆ ಡಿಸ್ಕನ್ನು ಕಿತ್ತು ಬೀರುವಿನಲ್ಲಿಡಿ. ಅಪ್‌ಗ್ರೇಡ್ ನಡೆಯುವಾಗ ಅದು ಯಂತ್ರಕ್ಕೆ ಅಂಟಿಕೊಂಡಿರಬಾರದು.

ಕನ್ನಡದವರು ಗಮನಿಸಲೇಬೇಕಾದ ಇನ್ನೊಂದು ಬ್ಯಾಕಪ್

ಇಂಗ್ಲಿಷಿನ ಯಾವ ಮಾರ್ಗದರ್ಶಿಯಲ್ಲೂ ಇದು ಸಿಗುವುದಿಲ್ಲ. ದೊಡ್ಡಪ್ಪನ ಯಂತ್ರದಲ್ಲಿರುವ ಕನ್ನಡದ ಕಡತಗಳೆಲ್ಲ ನುಡಿ ಫಾಂಟಿನಲ್ಲಿವೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಅದಕ್ಕೂ ಮೊದಲು ಬಂದ ಬರಹ, ಈ ಎರಡೂ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ಸಣ್ಣದಲ್ಲ. ಆದರೆ ಅವುಗಳ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲ. ಅಂದರೆ ಫೈಲಿನೊಳಗೆ ನಿಜವಾಗಿ ಉಳಿದಿರುವುದು ಕನ್ನಡ ಅಕ್ಷರವಲ್ಲ. ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ ಉಳಿದಿರುತ್ತದೆ, ಫಾಂಟು ಅದಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚುತ್ತದೆ. 'ಕನ್ನಡ' ಎಂದು ಟೈಪ್ ಮಾಡಿದ ಜಾಗದಲ್ಲಿ ಒಂದು ಪಿ, ತಲೆಯ ಮೇಲೆ ಗೀರು ಹೊತ್ತ ಎ, ಪೌಂಡ್ ಚಿಹ್ನೆ, ಹೀಗೆ ಏನೇನೋ ಕಾಣಿಸುತ್ತದೆ.

ಹೊಸದಾಗಿ ವಿಂಡೋಸ್ 11 ಹಾಕಿದ ಯಂತ್ರದಲ್ಲಿ ಈ ಫಾಂಟ್‌ಗಳು ಇರುವುದಿಲ್ಲ. ಆಗ ಹತ್ತು ವರ್ಷದ ಅರ್ಜಿ, ಕರಾರು, ಕವನ ಎಲ್ಲವೂ ಗೀಚಿದಂತೆ ಕಾಣಿಸಿ, ಫೈಲೇ ಕೆಟ್ಟಿದೆ ಎಂದು ಜನ ಅಳಿಸಿಬಿಡುವುದುಂಟು. ಫೈಲ್ ಕೆಟ್ಟಿಲ್ಲ, ಕಳೆದಿರೋದು ಫಾಂಟ್ ಅಷ್ಟೇ.

ಮಾಡಬೇಕಾದ್ದು ಮೂರು. ಒಂದು, ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರ್ ತೆರೆದು ನುಡಿ, ಬರಹ ಮತ್ತು ಡಿಟಿಪಿಗೆ ಬಳಸುವ ಎಲ್ಲ ಕನ್ನಡ ಫಾಂಟ್‌ಗಳನ್ನು ಬ್ಯಾಕಪ್ ಡಿಸ್ಕಿಗೆ ಕಾಪಿ ಮಾಡಿ. ತಂತ್ರಾಂಶದ ಇನ್‌ಸ್ಟಾಲರ್ ಫೈಲ್ ಇದ್ದರೆ ಅದನ್ನೂ ಇಡಿ. ಎರಡು, ಮುಖ್ಯ ಕಡತಗಳನ್ನು ಪಿಡಿಎಫ್ ಆಗಿಯೂ ಉಳಿಸಿ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿಕೊಳ್ಳುವುದರಿಂದ ಎಲ್ಲಿ ತೆರೆದರೂ ಓದಬಹುದು. ಮೂರು, ಸಮಯ ಮಾಡಿಕೊಂಡು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತಿಸಿದ ಮೇಲೆ ಕಣ್ಣಾಡಿಸಲೇಬೇಕು. ಅರ್ಕಾವೊತ್ತು, ಅಂಕಿಗಳು, ನಡುನಡುವೆ ಬಂದ ಇಂಗ್ಲಿಷ್ ಪದಗಳು ಕೆಡುವುದು ಸಾಮಾನ್ಯ. ಸರ್ವೆ ನಂಬರ್ ಒಂದು ಅಂಕಿ ತಪ್ಪಿದರೆ ಜಮೀನೇ ಬೇರೆಯಾಗಿಬಿಡುತ್ತದೆ. ಹಾಗಾಗಿ ಹಳೆಯ ಮೂಲ ಫೈಲನ್ನು ಅಳಿಸಬೇಡಿ.

ಹೊಸದಾಗಿ ಬರೆಯುವುದಕ್ಕೆ ಚಿಂತೆ ಇಲ್ಲ. ವಿಂಡೋಸ್‌ನಲ್ಲೇ ನಿರ್ಮಲಾ ಎಂಬ ಯೂನಿಕೋಡ್ ಫಾಂಟ್ ಇದೆ, ಕನ್ನಡ ಕೀಲಿಮಣೆ ಇದೆ. 2019ರ ನಂತರದ ಆವೃತ್ತಿಗಳಲ್ಲಿ ಉಚ್ಚಾರಣೆಯಂತೆ ಟೈಪ್ ಮಾಡುವ ಫೊನೆಟಿಕ್ ಕೀಲಿಮಣೆಯೂ ಸೇರಿದೆ. ಹಳೆಯ ಯೂನಿಕೋಡ್ ಕಡತಗಳಲ್ಲಿ ತುಂಗಾ ಫಾಂಟ್ ಬಳಸಿದ್ದವರು ಮಾತ್ರ ಸೆಟ್ಟಿಂಗ್ಸ್‌ನ ಆಪ್ಶನಲ್ ಫೀಚರ್ಸ್‌ಗೆ ಹೋಗಿ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಸೇರಿಸಿಕೊಳ್ಳಬೇಕು.

ಬಟನ್ ಒತ್ತುವ ದಿನ

ಇಷ್ಟಾದ ಮೇಲೆ ಉಳಿದದ್ದು ಸುಲಭ. ಸಿ ಡ್ರೈವಿನಲ್ಲಿ 30 ಜಿಬಿಯಷ್ಟಾದರೂ ಜಾಗ ಖಾಲಿ ಮಾಡಿ. ಬಾಕಿ ಇರುವ ವಿಂಡೋಸ್ 10 ಅಪ್‌ಡೇಟ್‌ಗಳನ್ನು ಮುಗಿಸಿ. ಮದರ್‌ಬೋರ್ಡ್ ಅಥವಾ ಲ್ಯಾಪ್‌ಟಾಪ್ ಕಂಪನಿ ಬಯೋಸ್ ಅಪ್‌ಡೇಟ್ ಕೊಟ್ಟಿದ್ದರೆ ಅದನ್ನೂ ಹಾಕಿಕೊಳ್ಳಿ. ಪ್ರಿಂಟರ್, ಪೆನ್‌ಡ್ರೈವ್, ಹೆಚ್ಚುವರಿ ಡಿಸ್ಕ್ ಎಲ್ಲ ಕೀಳಿ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ತಾತ್ಕಾಲಿಕವಾಗಿ ತೆಗೆಯಿರಿ.

ಡೌನ್‌ಲೋಡ್ ಹಲವು ಜಿಬಿಗಳಷ್ಟಿರುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದು ಆಗುವ ಕೆಲಸವಲ್ಲ. ಬ್ರಾಡ್‌ಬ್ಯಾಂಡ್ ಇರುವ ಕಡೆ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ತಂದರೆ ಎಷ್ಟು ಯಂತ್ರಕ್ಕೆ ಬೇಕಾದರೂ ಹಾಕಬಹುದು. ಆ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿದುಹೋಗುತ್ತದೆ ಅನ್ನೋದು ನೆನಪಿರಲಿ.

ಕರೆಂಟ್ ವಿಚಾರ ಲಘುವಾಗಿ ತೆಗೆದುಕೊಳ್ಳಬೇಡಿ. ಅಪ್‌ಗ್ರೇಡ್ ನಡುವೆ ವಿದ್ಯುತ್ ಹೋದರೆ ಸಾಮಾನ್ಯವಾಗಿ ವಿಂಡೋಸ್ ಹಿಂದಕ್ಕೆ ಮರಳುತ್ತದೆ, ಆದರೆ ಯಾವಾಗಲೂ ಮರಳುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಬಯೋಸ್ ಅಪ್‌ಡೇಟ್ ಮಧ್ಯೆ ಹೋದರಂತೂ ಬೋರ್ಡೇ ಕೆಡಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಲೋಡ್ ಶೆಡ್ಡಿಂಗ್ ಇಲ್ಲದ ಹೊತ್ತು ನೋಡಿಕೊಳ್ಳಿ. ಲ್ಯಾಪ್‌ಟಾಪ್ ಚಾರ್ಜರಿನಲ್ಲೇ ಇರಲಿ.

ನಿಮ್ಮ ವಿಂಡೋಸ್ 10 ಅಸಲಿಯಾಗಿದ್ದರೆ 11 ಉಚಿತ. ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ ಸಿಗುತ್ತದೆ. ಕೀಪ್ ಪರ್ಸನಲ್ ಫೈಲ್ಸ್ ಆ್ಯಂಡ್ ಆ್ಯಪ್ಸ್ ಎಂಬ ಆಯ್ಕೆ ಕಾಣಿಸುತ್ತದೆಯಾ ಅಂತ ನೋಡಿಯೇ ಮುಂದುವರಿಯಿರಿ. ಮುಗಿದ ಮೇಲೆ ಹಿಡಿಸದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ರಿಕವರಿಗೆ ಹೋಗಿ ಗೋ ಬ್ಯಾಕ್ ಒತ್ತಿ ಹಿಂದಕ್ಕೆ ಬರಬಹುದು, ಆದರೆ 10 ದಿನಗಳೊಳಗೆ ಮಾತ್ರ. ಜಾಗ ಉಳಿಸೋಣ ಅಂತ ವಿಂಡೋಸ್ ಓಲ್ಡ್ ಫೋಲ್ಡರನ್ನು ಆ ಹತ್ತು ದಿನ ಅಳಿಸಬೇಡಿ. ಹಿಂದಕ್ಕೆ ಬರುವ ಸೇತುವೆ ಅದೇ.

ಅರ್ಹವಲ್ಲದ ಯಂತ್ರಕ್ಕೆ ದಾರಿಗಳು

ದೊಡ್ಡಪ್ಪನ ಯಂತ್ರದಂಥವಕ್ಕೆ ಸದ್ಯಕ್ಕೆ ಅತಿ ಸುಲಭದ ದಾರಿ ಇಎಸ್‌ಯು, ಅಂದರೆ ವಿಸ್ತರಿತ ಭದ್ರತಾ ಅಪ್‌ಡೇಟ್. ವಿಂಡೋಸ್ 10ರ 22ಎಚ್2 ಆವೃತ್ತಿ ಇರುವ ಮನೆಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ತೇಪೆಗಳು ಬರುವ ಹಾಗೆ ಮೈಕ್ರೋಸಾಫ್ಟ್ ವ್ಯವಸ್ಥೆ ಮಾಡಿದೆ. ಇದಕ್ಕೆ 30 ಡಾಲರ್ ಕೊಡಬಹುದು, ಅಥವಾ ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1000 ಅಂಕ ಕೊಡಬಹುದು, ಅಥವಾ ಸೆಟ್ಟಿಂಗ್‌ಗಳನ್ನು ಒನ್‌ಡ್ರೈವ್‌ಗೆ ಬ್ಯಾಕಪ್ ಮಾಡಲು ಒಪ್ಪಿದರೆ ಏನೂ ಕೊಡದೆ ಪಡೆಯಬಹುದು. ಮೈಕ್ರೋಸಾಫ್ಟ್ ಖಾತೆ ಮಾತ್ರ ಬೇಕೇ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಇದೆ. ಬರೋದು ಭದ್ರತಾ ತೇಪೆಗಳಷ್ಟೇ, ಹೊಸ ಸೌಲಭ್ಯವಿಲ್ಲ. ದೊಡ್ಡಪ್ಪನ ಯಂತ್ರಕ್ಕೆ ನಾವು ಮಾಡಿದ್ದು ಇದನ್ನೇ.

ಎರಡನೇ ದಾರಿ ಲಿನಕ್ಸ್. ಬ್ರೌಸರ್, ಇಮೇಲ್, ವಿಡಿಯೋ, ಲಿಬ್ರೆಆಫೀಸ್ ಇಷ್ಟೇ ಸಾಕು ಅನ್ನುವವರಿಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಳೆಯ ಯಂತ್ರದಲ್ಲೂ ಚೆನ್ನಾಗಿ ಓಡುತ್ತದೆ. 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04ಕ್ಕೆ 2029ರವರೆಗೆ ಉಚಿತ ಬೆಂಬಲ ಇದೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಹಿಡಿಸಿದರೆ ಹಾಕಿಕೊಳ್ಳಬಹುದು. ಟ್ಯಾಲಿ, ನುಡಿ, ಡಿಜಿಟಲ್ ಸಹಿ ಬೇಕಾದವರಿಗೆ ಈ ದಾರಿ ಕಷ್ಟ.

ಮೂರನೆಯದು, ಅರ್ಹತೆಯ ಪರೀಕ್ಷೆಯನ್ನೇ ಬೈಪಾಸ್ ಮಾಡಿ 11 ಹಾಕುವುದು. ಯೂಟ್ಯೂಬ್ ತುಂಬಾ ಇದೇ ಇದೆ, ರಿಪೇರಿ ಅಂಗಡಿಗಳೂ ಮಾಡಿಕೊಡುತ್ತವೆ. ಕೆಲಸ ಮಾಡುತ್ತದೆ ಅನ್ನೋದು ನಿಜ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಸ್ವತಃ ಸರಿಪಡಿಸಿಕೊಳ್ಳಬಲ್ಲವರು ಪ್ರಯತ್ನಿಸಲಿ, ಊರಲ್ಲಿರುವ ಅಪ್ಪ-ಅಮ್ಮನ ಯಂತ್ರಕ್ಕೆ ನಾನಂತೂ ಇದನ್ನು ಹೇಳಲಾರೆ.

ಒಂದು ಮಾತು ಇದರ ಜತೆಗೇ ಹೇಳಬೇಕು. "ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ನಾವು ಮೈಕ್ರೋಸಾಫ್ಟ್‌ನಿಂದ ಮಾತಾಡ್ತಿದ್ದೀವಿ" ಅಂತ ಫೋನ್ ಬಂದರೆ, ತೆರೆಯ ಮೇಲೆ ನಂಬರ್ ಸಮೇತ ಎಚ್ಚರಿಕೆ ಕಾಣಿಸಿದರೆ, ಅದು ವಂಚನೆ. ಮೈಕ್ರೋಸಾಫ್ಟ್ ಯಾರ ಮನೆಗೂ ಹೀಗೆ ಫೋನ್ ಮಾಡುವುದಿಲ್ಲ. ರಿಮೋಟ್ ಆ್ಯಪ್ ಹಾಕಿಸಿಕೊಳ್ಳಬೇಡಿ, ಓಟಿಪಿ ಹೇಳಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಖರ್ಚು ಯಾರ ತಲೆಗೆ?

ಟಿಪಿಎಂ, ಸೆಕ್ಯೂರ್ ಬೂಟ್ ಕೇಳುವುದರ ಹಿಂದೆ ಭದ್ರತೆಯ ನಿಜವಾದ ಕಾರಣಗಳಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆರನೇ ತಲೆಮಾರಿನ ಐ3 ಇಂದಿಗೂ ಲೆಕ್ಕ ಬರೆಯುತ್ತದೆ, ವಿಡಿಯೋ ಓಡಿಸುತ್ತದೆ, ಎಸ್‌ಎಸ್‌ಡಿ ಒಂದನ್ನು ಹಾಕಿಸಿದರೆ ಚುರುಕಾಗಿಯೇ ಓಡುತ್ತದೆ. ಅದು ಕೆಟ್ಟಿಲ್ಲ, ಅದನ್ನು ಪಟ್ಟಿಯಿಂದ ಹೊರಗಿಡಲಾಗಿದೆ. ಈ ಎರಡರ ನಡುವಿನ ವ್ಯತ್ಯಾಸಕ್ಕೆ ಬೆಲೆ ತೆರುವವರು ಬಳಕೆದಾರರು, ಆಮೇಲೆ ಇ-ತ್ಯಾಜ್ಯದ ಗುಡ್ಡೆಯ ಪಕ್ಕ ಬದುಕುವವರು.

ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ಒತ್ತಡ ಹೇರಿದ ಮೇಲೆ, ಯುರೋಪಿಯನ್ ಆರ್ಥಿಕ ವಲಯದ ಬಳಕೆದಾರರಿಗೆ ಹಣವೂ ಬೇಡ, ಒನ್‌ಡ್ರೈವ್ ಬ್ಯಾಕಪ್ಪಿನ ಷರತ್ತೂ ಬೇಡ ಎಂದು ಮೈಕ್ರೋಸಾಫ್ಟ್ 2025ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ಅಂದರೆ ಕೇಳಿದರೆ ಆಗುತ್ತದೆ. ಒಂದು ಕಂಪ್ಯೂಟರನ್ನು ಹತ್ತು-ಹನ್ನೆರಡು ವರ್ಷ ಬಾಳಿಸುವ, ಅಣ್ಣನದ್ದನ್ನು ತಮ್ಮ, ತಮ್ಮನದ್ದನ್ನು ಊರಿನ ಶಾಲೆ ಬಳಸುವ ನಮ್ಮಂಥ ದೇಶದಲ್ಲಿ ಈ ಬೇಡಿಕೆ ಇನ್ನೂ ಜೋರಾಗಿ ಕೇಳಬೇಕಿತ್ತು. ಫ್ರಿಜ್ ಕೊಳ್ಳುವಾಗ ಎಷ್ಟು ವರ್ಷ ವಾರಂಟಿ ಅಂತ ಕೇಳುವ ನಾವು, ಕಂಪ್ಯೂಟರ್ ಕೊಳ್ಳುವಾಗ ಎಷ್ಟು ವರ್ಷ ಅಪ್‌ಡೇಟ್ ಅಂತಲೂ ಕೇಳೋದನ್ನು ರೂಢಿ ಮಾಡಿಕೊಳ್ಳಬೇಕು.

ಇಎಸ್‌ಯು ಕೊಡೋದು ಪರಿಹಾರವನ್ನಲ್ಲ, ಸಮಯವನ್ನು. 2026ರ ಅಕ್ಟೋಬರ್ ದೂರವಿಲ್ಲ. ಆ ಸಮಯದಲ್ಲಿ ಹೊಸ ಯಂತ್ರಕ್ಕೆ ದುಡ್ಡು ಕೂಡಿಸುತ್ತೀರೋ, ಲಿನಕ್ಸ್ ಕಲಿಯುತ್ತೀರೋ, ಸೆಕೆಂಡ್ ಹ್ಯಾಂಡ್ ಎಂಟನೇ ತಲೆಮಾರಿನ ಯಂತ್ರ ಹುಡುಕುತ್ತೀರೋ ಅದು ನಿಮ್ಮ ಆಯ್ಕೆ. ಅದೇನೇ ಇರಲಿ, ಈ ಭಾನುವಾರವೇ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಂದು ಫೈಲುಗಳನ್ನು, ಫಾಂಟುಗಳನ್ನು ಕಾಪಿ ಮಾಡಿಕೊಳ್ಳಿ. ಆಪರೇಟಿಂಗ್ ಸಿಸ್ಟಮನ್ನು ಯಾವತ್ತು ಬೇಕಾದರೂ ಮತ್ತೆ ಹಾಕಿಸಬಹುದು. ಪಹಣಿ ತಿದ್ದುಪಡಿಗೆಂದು 2014ರಲ್ಲಿ ಬರೆದ ಅರ್ಜಿಯ ಪ್ರತಿಯನ್ನು ಯಾವ ಅಂಗಡಿಯವರೂ ಮತ್ತೆ ತಂದುಕೊಡಲಾರರು.